ಬಾಯ್ಡೆಲ್‌ನ ದಾಸ್ತಾನು ಮತ್ತು 1805ರ ಲಾಟರಿ

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ವರ್ತಕನೊಬ್ಬನು ಸಾಲದಲ್ಲಿ ಮುಳುಗಿದಾಗ, ಅಥವಾ ಅವನು ತೀರಿಕೊಂಡು ವಾರಸುದಾರರು ಲೆಕ್ಕ ಚುಕ್ತಾ ಮಾಡಬೇಕಾಗಿ ಬಂದಾಗ, ಉಳಿದ ಸರಕನ್ನು ಹರಾಜಿಗೆ ಇಡುವುದೇ ರೂಢಿಯಾಗಿತ್ತು. ಆದರೆ ಕೊಳ್ಳುವವರು ಬೆರಳೆಣಿಕೆಯಷ್ಟೇ ಇರುವ ದುಬಾರಿ ಸರಕನ್ನೋ, ಗೋದಾಮು ತುಂಬುವಷ್ಟು ಇರುವ ಒಂದೇ ಬಗೆಯ ಸರಕನ್ನೋ ಒಮ್ಮೆಗೇ ಹರಾಜಿಗೆ ತಂದರೆ ಬೆಲೆ ನೆಲಕಚ್ಚುತ್ತಿತ್ತು. ಅಂಥ ಸರಕಿನ ವಿಲೇವಾರಿಗೆ ಇದ್ದ ಇನ್ನೊಂದು ದಾರಿ ಸಾರ್ವಜನಿಕ ಲಾಟರಿ. ಲಂಡನ್ನಿನ ಅಚ್ಚುಚಿತ್ರ ವ್ಯಾಪಾರಿ ಜಾನ್ ಬಾಯ್ಡೆಲ್‌ನ ದಾಸ್ತಾನಿಗಾಗಿ ಅವನ ಮರಣದ ಮರುತಿಂಗಳು ನಡೆದ ಲಾಟರಿಯು ಈ ಪದ್ಧತಿಯ ಬಲವನ್ನೂ ಮಿತಿಯನ್ನೂ ಒಟ್ಟಿಗೆ ತೋರಿಸುತ್ತದೆ.

ಈ ದಾರಿ ಎಲ್ಲರಿಗೂ ತೆರೆದಿರಲಿಲ್ಲ. ಸರ್ಕಾರವು 1694ರಿಂದ ಲಾಟರಿಯ ಮೂಲಕ ತಾನೇ ಹಣ ಎತ್ತುತ್ತಿದ್ದರೂ, ಖಾಸಗಿ ಲಾಟರಿಗಳನ್ನು 1699ರ ಶಾಸನವು ಸಾರ್ವಜನಿಕ ಉಪದ್ರವವೆಂದು ಸಾರಿ ನಿಷೇಧಿಸಿತ್ತು. ಆದ್ದರಿಂದ ತನ್ನ ಸರಕನ್ನು ಲಾಟರಿಗೆ ಇಡಬಯಸುವವನು ಪಾರ್ಲಿಮೆಂಟಿಗೆ ಅರ್ಜಿ ಸಲ್ಲಿಸಿ, ಆ ಒಂದು ಲಾಟರಿಗೆ ಮಾತ್ರ ಅನ್ವಯವಾಗುವ ಪ್ರತ್ಯೇಕ ಶಾಸನವನ್ನು ಪಡೆಯಬೇಕಾಗಿತ್ತು. ನಷ್ಟವಾಗಿದೆ ಎಂಬ ಮಾತಷ್ಟೇ ಸಾಲದೆ, ತನ್ನ ಉದ್ಯಮದಿಂದ ದೇಶಕ್ಕೆ ಪ್ರಯೋಜನವಾಗಿದೆ ಎಂಬುದನ್ನೂ ಮನವರಿಕೆ ಮಾಡಿಕೊಡಬೇಕಾಗಿತ್ತು. ಯಂತ್ರದ ಗೊಂಬೆಗಳನ್ನೂ ರತ್ನಖಚಿತ ಗಡಿಯಾರಗಳನ್ನೂ ಪೂರ್ವ ದೇಶಗಳಿಗೆ ಕಳುಹಿಸುತ್ತಿದ್ದ ಜೇಮ್ಸ್ ಕಾಕ್ಸ್ 1773ರಲ್ಲಿ ಇಂಥ ಅನುಮತಿ ಪಡೆದನು. ಪ್ರಕೃತಿ ವಸ್ತುಗಳ ಬೃಹತ್ ಸಂಗ್ರಹವನ್ನು ಹೊಂದಿದ್ದ ಆಶ್ಟನ್ ಲಿವರ್‌ಗೂ ಅದು ದೊರಕಿತು; ಆದರೆ 1786ರಲ್ಲಿ ತಲಾ ಒಂದು ಗಿನಿಯಂತೆ ಹೊರಡಿಸಿದ 36,000 ಚೀಟಿಗಳಲ್ಲಿ ಸುಮಾರು 8,000 ಮಾತ್ರ ಖರ್ಚಾದವು. ಉಳಿದ 28,000 ಚೀಟಿಗಳು ಅವನ ಕೈಯಲ್ಲೇ ಇದ್ದರೂ ಇಡೀ ಸಂಗ್ರಹವು ಜೇಮ್ಸ್ ಪಾರ್ಕಿನ್‌ಸನ್ ಎಂಬವನ ಪಾಲಾಯಿತು. ಗಿನಿ ಎಂದರೆ ಇಪ್ಪತ್ತೊಂದು ಷಿಲಿಂಗ್, ಅಂದರೆ ಒಂದು ಪೌಂಡಿಗಿಂತ ಒಂದು ಷಿಲಿಂಗ್ ಹೆಚ್ಚು.

1720ರಲ್ಲಿ ಶ್ರಾಪ್‌ಶೈರಿನಲ್ಲಿ ಹುಟ್ಟಿದ ಬಾಯ್ಡೆಲ್ ಲಂಡನ್ನಿಗೆ ಬಂದು ಕೆತ್ತನೆಯ ಕೆಲಸ ಕಲಿತವನು. ತಾಮ್ರದ ತಗಡಿನ ಮೇಲೆ ಚಿತ್ರವನ್ನು ಕೊರೆದು, ಕೊರೆದ ಗೆರೆಗಳಿಗೆ ಮಸಿ ತುಂಬಿ, ಅದನ್ನು ಕಾಗದಕ್ಕೆ ಒತ್ತಿ ತೆಗೆಯುವ ಪ್ರತಿಗಳೇ ಅಚ್ಚುಚಿತ್ರಗಳು. ಕೆತ್ತನೆಗಾರನಾಗಿ ತನ್ನ ಶಕ್ತಿ ಸಾಧಾರಣವೆಂದು ಅರಿತ ಅವನು ಬೇರೆಯವರಿಂದ ಕೆತ್ತಿಸಿ ಮಾರುವ ವ್ಯಾಪಾರಕ್ಕೆ ಇಳಿದನು. ರಿಚರ್ಡ್ ವಿಲ್ಸನ್‌ನ ವರ್ಣಚಿತ್ರವೊಂದನ್ನು ಆಧರಿಸಿ ವಿಲಿಯಂ ವುಲೆಟ್ ಕೆತ್ತಿದ, 1761ರಲ್ಲಿ ಹೊರಬಂದ ಅಚ್ಚುಚಿತ್ರವು ಅವನಿಗೆ ಅಪಾರ ಲಾಭ ತಂದಿತು. ಅದುವರೆಗೆ ಫ್ರಾನ್ಸಿನ ಅಚ್ಚುಚಿತ್ರಗಳನ್ನು ತರಿಸಿಕೊಳ್ಳುತ್ತಿದ್ದ ಇಂಗ್ಲೆಂಡ್ ಕೆಲವೇ ದಶಕಗಳಲ್ಲಿ ಯೂರೋಪಿಗೆ ಅವನ್ನು ರಫ್ತು ಮಾಡುವ ದೇಶವಾಯಿತು. ಈ ಏಳಿಗೆಯ ಜೊತೆಗೆ ಬಾಯ್ಡೆಲ್‌ನ ಸ್ಥಾನಮಾನವೂ ಏರಿ, 1790ರಲ್ಲಿ ಅವನು ಲಂಡನ್ನಿನ ಲಾರ್ಡ್ ಮೇಯರ್ ಆದನು.

ಅವನ ಸಂಪತ್ತನ್ನು ಕರಗಿಸಿದ್ದು ಷೇಕ್ಸ್‌ಪಿಯರ್ ಗ್ಯಾಲರಿ. 1786ರ ನವೆಂಬರಿನಲ್ಲಿ ಅವನ ಸಹೋದರನ ಮಗನೂ ವ್ಯಾಪಾರದ ಪಾಲುದಾರನೂ ಆಗಿದ್ದ ಜೊಸೈಯ ಬಾಯ್ಡೆಲ್‌ನ ಮನೆಯ ಔತಣದಲ್ಲಿ ಈ ಯೋಜನೆ ರೂಪುಗೊಂಡಿತು. ಷೇಕ್ಸ್‌ಪಿಯರ್ ನಾಟಕಗಳ ದೃಶ್ಯಗಳನ್ನು ದೇಶದ ಹೆಸರಾಂತ ಕಲಾವಿದರಿಂದ ಬರೆಯಿಸಿ ಗ್ಯಾಲರಿಯಲ್ಲಿ ಪ್ರದರ್ಶಿಸುವುದು, ಆ ಚಿತ್ರಗಳನ್ನು ಅಚ್ಚುಚಿತ್ರಗಳಾಗಿ ತರುವುದು ಮತ್ತು ನಾಟಕಗಳ ಸಚಿತ್ರ ಆವೃತ್ತಿಯನ್ನು ಪ್ರಕಟಿಸುವುದು ಇದರ ಮೂರು ಅಂಗಗಳಾಗಿದ್ದವು. 1789ರ ಮೇ ತಿಂಗಳಲ್ಲಿ ಪಾಲ್ ಮಾಲ್ ಬೀದಿಯಲ್ಲಿ 34 ಚಿತ್ರಗಳೊಂದಿಗೆ ತೆರೆದ ಗ್ಯಾಲರಿಯಲ್ಲಿ ಮುಂದೆ 160ಕ್ಕೂ ಹೆಚ್ಚು ಚಿತ್ರಗಳು ಸೇರಿದವು. ಜೋಶುವಾ ರೆನಾಲ್ಡ್ಸ್, ಜಾರ್ಜ್ ರಾಮ್ನಿ, ಹೆನ್ರಿ ಫ್ಯೂಸಲಿ, ಬೆಂಜಮಿನ್ ವೆಸ್ಟ್ ಮೊದಲಾದವರೆಲ್ಲ ಇದಕ್ಕಾಗಿ ಬರೆದರು. ಬಂಡವಾಳವು ಮರಳಬೇಕಾಗಿದ್ದುದು ಚಂದಾದಾರರಿಂದ ಮತ್ತು ಯೂರೋಪಿನ ಮಾರುಕಟ್ಟೆಯಿಂದ. 1793ರಲ್ಲಿ ಫ್ರಾನ್ಸಿನೊಡನೆ ಯುದ್ಧ ಆರಂಭವಾಗಿ ರಫ್ತು ಕುಸಿಯಿತು. ಕೆತ್ತನೆ ನಿಧಾನವಾಗಿ, ಗುಣಮಟ್ಟದ ಬಗ್ಗೆ ಆಕ್ಷೇಪಗಳು ಕೇಳಿಬಂದು, ಚಂದಾದಾರರೂ ಒಬ್ಬೊಬ್ಬರಾಗಿ ಹಿಂದೆ ಸರಿದರು. ವೆಚ್ಚ ಮಾತ್ರ ನಿಲ್ಲಲಿಲ್ಲ.

1804ರ ಫೆಬ್ರವರಿಯಲ್ಲಿ ಬಾಯ್ಡೆಲ್ ಪಾರ್ಲಿಮೆಂಟಿನ ಸದಸ್ಯ ಸರ್ ಜಾನ್ ಆಂಡರ್‌ಸನ್‌ಗೆ ಪತ್ರ ಬರೆದು ಲಾಟರಿಗೆ ಅನುಮತಿ ಕೋರಿದನು. ಗ್ಯಾಲರಿಯನ್ನು ರಾಷ್ಟ್ರಕ್ಕೇ ಬಿಟ್ಟುಹೋಗುವ ಇಚ್ಛೆ ತನಗಿತ್ತೆಂದೂ, ತಾನೂ ತನ್ನವರೂ ಕಲೆಗಾಗಿ 3,50,000 ಪೌಂಡಿಗೂ ಹೆಚ್ಚು ವ್ಯಯಿಸಿರುವುದಾಗಿಯೂ, ಯುದ್ಧದಿಂದಾಗಿ ವ್ಯಾಪಾರ ಕೈತಪ್ಪಿತೆಂದೂ ಅದರಲ್ಲಿ ವಿವರಿಸಿದನು. ಶಾಸನ ದೊರೆತ ಮೇಲೆ ತಲಾ ಮೂರು ಗಿನಿಯ 22,000 ಚೀಟಿಗಳು ಹೊರಟವು. ಮುಖ್ಯ ಬಹುಮಾನಗಳು ಅರವತ್ತಕ್ಕಿಂತ ಸ್ವಲ್ಪವೇ ಹೆಚ್ಚು. ಗ್ಯಾಲರಿಯ ಕಟ್ಟಡದ ಹಕ್ಕು ಮತ್ತು ಅದರ ಚಿತ್ರಸಂಗ್ರಹವೇ ಅವುಗಳಲ್ಲಿ ಮೊದಲನೆಯದು. ಇದರೊಂದಿಗೆ ಚೀಟಿ ಕೊಂಡ ಪ್ರತಿಯೊಬ್ಬನಿಗೂ ಅಂಗಡಿಯ ದಾಸ್ತಾನಿನಿಂದ ಒಂದು ಗಿನಿ ಬೆಲೆಯ ಅಚ್ಚುಚಿತ್ರ ಖಚಿತವಾಗಿ ಸಿಗುವಂತೆ ಏರ್ಪಡಿಸಲಾಗಿತ್ತು.

ಯೋಜನೆಯ ಜಾಣ್ಮೆ ಅಡಗಿದ್ದುದು ಈ ಕೊನೆಯ ಷರತ್ತಿನಲ್ಲಿ. ಗ್ಯಾಲರಿಯ ಹೆಸರು ಜನರನ್ನು ಸೆಳೆಯಿತಾದರೂ, ಗೋದಾಮಿನಲ್ಲಿ ಧೂಳು ತಿನ್ನುತ್ತಿದ್ದ ಕಾಗದದ ಪ್ರತಿಗಳು ಸಾವಿರಗಟ್ಟಲೆ ಕೈಗಳಿಗೆ ಹಂಚಿಹೋದದ್ದು ಈ ಷರತ್ತಿನಿಂದಲೇ. ಒಂದು ಗಿನಿ ಎಂಬ ಬೆಲೆಯನ್ನು ಗೊತ್ತುಮಾಡಿದ್ದು ಅಂಗಡಿಯೇ ಹೊರತು ಪೇಟೆಯಲ್ಲ. ಅದೇ ಪ್ರತಿಗಳನ್ನು ಒಟ್ಟಾಗಿ ಹರಾಜಿಗೆ ಸುರಿದಿದ್ದರೆ ಆ ಬೆಲೆ ನಿಲ್ಲುತ್ತಿರಲಿಲ್ಲ. ಬಹುಮಾನ ಬಾರದಿದ್ದವನಿಗೂ ಪೂರ್ತಿ ಸೋತೆನೆಂಬ ಭಾವನೆ ಬಾರದಂತೆ ನೋಡಿಕೊಂಡದ್ದರಿಂದ, ಲಿವರ್‌ನ ಲಾಟರಿ ಎಡವಿದಲ್ಲಿ ಇದು ದಾಟಿಕೊಂಡಿತು. ಚೀಟಿಗಳೆಲ್ಲವೂ ಮಾರಾಟವಾದವು, ಒಟ್ಟು ವಸೂಲಿ 66,000 ಗಿನಿ, ಅಂದರೆ 69,300 ಪೌಂಡ್.

ಬಾಯ್ಡೆಲ್ 1804ರ ಡಿಸೆಂಬರ್ 12ರಂದು ತನ್ನ ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡನು. ಆದುದರಿಂದ 1805ರ ಜನವರಿ 28ರಂದು ನಡೆದ ಎತ್ತುವಳಿಯ, ಅಂದರೆ ಚೀಟಿ ಎತ್ತಿ ಬಹುಮಾನ ನಿರ್ಧರಿಸುವ ಕಾರ್ಯದ, ಹೊಣೆಯೂ ಲೆಕ್ಕ ತೀರಿಸುವ ಹೊಣೆಯೂ ಜೊಸೈಯನ ಮೇಲೆ ಬಿದ್ದವು. ಮೊದಲ ಬಹುಮಾನ ಬಂದದ್ದು, ರತ್ನಗಳ ಮೇಲಿನ ಕೆತ್ತನೆಯನ್ನು ಅನುಕರಿಸಿ ಅಚ್ಚುಗಳನ್ನು ತಯಾರಿಸುತ್ತಿದ್ದ ವಿಲಿಯಂ ಟ್ಯಾಸಿಗೆ. ಗ್ಯಾಲರಿಯನ್ನು 10,000 ಪೌಂಡಿಗೆ ಮರಳಿ ಕೊಳ್ಳುವುದಾಗಿ ಜೊಸೈಯ ಮುಂದೆ ಬಂದರೂ ಟ್ಯಾಸಿ ಒಪ್ಪದೆ, ಅದೇ ವರ್ಷದ ಮೇ ತಿಂಗಳಲ್ಲಿ ಚಿತ್ರಗಳನ್ನು ಕ್ರಿಸ್ಟೀಸ್ ಹರಾಜುಕಟ್ಟೆಗೆ ಒಯ್ದನು. ಅಲ್ಲಿ ಹುಟ್ಟಿದ್ದು 6,200 ಪೌಂಡಿಗೂ ಕಡಿಮೆ. ಸಂಗ್ರಹವು ಚದುರಿಹೋಗಿ, ಕಟ್ಟಡವು ಅದೇ ವರ್ಷ ಸ್ಥಾಪನೆಯಾದ ಬ್ರಿಟಿಷ್ ಇನ್‌ಸ್ಟಿಟ್ಯೂಷನ್ ಎಂಬ ಕಲಾಸಂಸ್ಥೆಯ ಕೈಸೇರಿತು.

ಲಾಟರಿಯ ಮೊತ್ತದಲ್ಲಿ ಇತರ ಬಹುಮಾನಗಳ ಮತ್ತು 22,000 ಅಚ್ಚುಚಿತ್ರಗಳ ಬೆಲೆಯೂ ಸೇರಿರುವುದರಿಂದ ಲಾಟರಿಯ ಮತ್ತು ಹರಾಜಿನ ಈ ಎರಡು ಅಂಕಿಗಳನ್ನು ನೇರವಾಗಿ ಹೋಲಿಸಲಾಗದು. ಹಾಗಿದ್ದರೂ ಅವುಗಳ ನಡುವಿನ ಅಂತರವು ಪದ್ಧತಿಯ ಸ್ವರೂಪವನ್ನು ಬಯಲುಮಾಡುತ್ತದೆ. ಹರಾಜಿನಲ್ಲಿ ವಸ್ತುವಿಗೆ ಬೆಲೆ ಕಟ್ಟುವವರು ಅದನ್ನು ಬಯಸಿ ಪೂರ್ತಿ ಹಣ ತೆರಬಲ್ಲ ಕೆಲವರು. ಲಾಟರಿಯಲ್ಲಿ ಹಣ ಹೂಡುವವರು ಅದು ತಮಗೆ ಸಿಗಬಹುದೆಂಬ ಆಸೆಗೆ ಮೂರು ಗಿನಿ ಕೊಡಬಲ್ಲ ಸಾವಿರಾರು ಮಂದಿ. ವರ್ತಕನ ಋಣವನ್ನು ತೀರಿಸಲು ಆ ಆಸೆ ಸಾಕಾಯಿತು. ಆದರೆ ಚಿತ್ರಗಳನ್ನು ಒಟ್ಟಾಗಿ ಉಳಿಸುವ ಹೊಣೆಯನ್ನು ಶಾಸನವು ಯಾರ ಮೇಲೂ ಹೊರಿಸಿರಲಿಲ್ಲ. ರಾಷ್ಟ್ರಕ್ಕೆ ಸಲ್ಲಬೇಕೆಂದು ಕೂಡಿಸಿದ ಸಂಗ್ರಹ, ರಾಷ್ಟ್ರಸೇವೆಯ ಹೆಸರಿನಲ್ಲೇ ಪಡೆದ ಅನುಮತಿಯಿಂದ, ನಾಲ್ಕು ತಿಂಗಳೊಳಗೆ ಬಿಡಿಬಿಡಿಯಾಯಿತು.