ತುಳುನಾಡಿನ ಎಲೆಗಡುಬುಗಳು

ಒಂದು ನಾಡಿನ ಪೂರ್ವಚರಿತ್ರೆಯನ್ನು ಅರಸುವವರು ಶಾಸನ, ಬಸದಿ, ದೇವಾಲಯಗಳ ಬಳಿಗೆ ಹೋಗುವುದು ವಾಡಿಕೆ. ಕಾರ್ಕಳದ ಗೊಮ್ಮಟಮೂರ್ತಿಯು 1432ರಲ್ಲಿ ಪ್ರತಿಷ್ಠಿತವಾಯಿತೆಂಬುದು ಶಿಲೆಯಿಂದ ತಿಳಿದುಬರುವುದು; ಆ ಮಹೋತ್ಸವಕ್ಕೆ ನೆರೆದ ಜನರು ಏನನ್ನುಂಡರೆಂಬುದನ್ನು ಶಿಲೆಯು ಹೇಳದು. ಜನಸಾಮಾನ್ಯರ ಚರಿತ್ರೆಯ ಬಹುಭಾಗವು ಅಡುಗೆಮನೆಯಲ್ಲಿಯೇ ಉಳಿದಿದೆ. ಉಡುಪಿ, ಕಾಪು, ಕಾರ್ಕಳ ಸೀಮೆಗಳಲ್ಲಿ ಅಕ್ಕಿಯ ಹಿಟ್ಟನ್ನು ಎಲೆಯಲ್ಲಿಟ್ಟು ಹಬೆಯಲ್ಲಿ ಬೇಯಿಸುವ ಪದ್ಧತಿಯು ಅಂತಹ ಚರಿತ್ರೆಯ ಒಂದು ಪುಟವಾಗಿದೆ.

ಕನ್ನಡ ವಾಙ್ಮಯದಲ್ಲಿ ಇಡ್ಡಲಿಗೆಯ ಹೆಸರು ಬಹು ಪ್ರಾಚೀನವಾದುದು. ಕ್ರಿ. ಶ. 920ರ ಸುಮಾರಿನದೆನ್ನಲಾದ ವಡ್ಡಾರಾಧನೆಯಲ್ಲಿ ಅದರ ಉಲ್ಲೇಖವುಂಟು. 1025ರ ಸುಮಾರಿನ ಚಾವುಂಡರಾಯನ ಲೋಕೋಪಕಾರದಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಯಿಸಿ, ನುಣ್ಣಗೆ ಅರೆದು, ಮೊಸರಿನ ತಿಳಿಯೊಡನೆ ಸಂಬಾರಗಳನ್ನು ಬೆರಸುವ ಕ್ರಮವನ್ನು ಹೇಳಿದೆ. ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು, ಅಂದರೆ 1130ರ ಸುಮಾರಿನ ಸಂಸ್ಕೃತ ಗ್ರಂಥವು, ‘ಇಡ್ಡರಿಕಾ’ ಎಂಬ ಉದ್ದಿನ ಭಕ್ಷ್ಯವನ್ನು ಬಣ್ಣಿಸುವುದು. ಈ ವಿಧಾನಗಳಲ್ಲಿ ಅಕ್ಕಿಯ ಮಾತಿಲ್ಲವೆಂಬುದು ಗಮನಾರ್ಹ. ಇಂದು ಇಡ್ಲಿಯೆಂದರೆ ಅಕ್ಕಿಯೂ ಉದ್ದೂ ಕೂಡಿದ ಹಿಟ್ಟು. ಅದು ಹುಳಿಬಂದು, ಹಬೆಯಲ್ಲಿ ಬೆಂದು ಸಿದ್ಧವಾಗಬೇಕು.

ಅದೇ ಹಿಟ್ಟನ್ನು ಕೇದಗೆಯ ಎಲೆಯಲ್ಲಿ ಬೇಯಿಸಿದರೆ ಮೂಡೆಯಾಗುವುದು. ಎಲೆಯ ಮುಳ್ಳುಗಳನ್ನು ಕೊಯ್ದು ತೆಗೆದು, ಬೆಂಕಿಗೆ ಹಿಡಿದು ಬಾಡಿಸಿ, ಸುರುಳಿಯಾಗಿ ಸುತ್ತಿ, ಕಡ್ಡಿಯಿಂದ ಚುಚ್ಚಿ ಕೊಳವೆಯನ್ನು ಮಾಡುವರು. ಇದರಲ್ಲಿ ಪಳಗಿದ ಕೈಗಳು ಮಾತ್ರವೇ ಹಿಟ್ಟು ಸೋರದಂತಹ ಕೊಳವೆಯನ್ನು ಕಟ್ಟಬಲ್ಲವು. ಹಲಸಿನ ಎಲೆಗಳನ್ನು ಕಡ್ಡಿಯಿಂದ ಹೆಣೆದು ಮಾಡಿದ ದೊನ್ನೆಯಲ್ಲಿ ಬೆಂದುದು ಕೊಟ್ಟೆ ಕಡುಬು. ಕೊಂಕಣಿ ಮನೆಗಳಲ್ಲಿ ಇದೇ ಖೊಟ್ಟೊ. ನಾಗರ ಪಂಚಮಿಗೆ ಅರಸಿನದ ಎಲೆಯ ಸಿಹಿ ಕಡುಬು; ಆಟಿ ತಿಂಗಳಿಗೆ ಪತ್ರೊಡೆ; ಕೃಷ್ಣಾಷ್ಟಮಿಗೆ ಮೂಡೆ. ಹೀಗೆ ಎಲೆಯೇ ಪಂಚಾಂಗದ ಕೆಲಸವನ್ನೂ ಮಾಡುತ್ತಿತ್ತು.

ಈ ಪಂಚಾಂಗದ ಹಿಂದೆ ಬೇಸಾಯದ ಲೆಕ್ಕವಿತ್ತು. ಬಯಲು, ಮಜಲು, ಬೆಟ್ಟು ಎಂದು ವಿಂಗಡವಾದ ಗದ್ದೆಗಳಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳುಂಟು. ಬೆಟ್ಟುಗದ್ದೆಗೆ ಮಳೆಗಾಲದ ಒಂದೇ ಬೆಳೆ. ಅಕ್ಕಿಯನ್ನು ಬೈಹುಲ್ಲಿನಲ್ಲಿ ಬಿಗಿದು ಮುಡಿ ಕಟ್ಟುತ್ತಿದ್ದರು; 42 ಸೇರಿಗೆ ಒಂದು ಮುಡಿಯೆಂಬುದು ಲೆಕ್ಕ. ಗೇಣಿಯೂ ಮುಡಿಗಳಲ್ಲಿಯೇ ಎಣಿಸಲ್ಪಡುತ್ತಿತ್ತು. ಧಣಿಯ ಮನೆಗೆ ಮುಡಿಗಳನ್ನು ಅಳೆದುಕೊಟ್ಟ ಒಕ್ಕಲಿಗೆ ಆಟಿಯ ಮಳೆಯಲ್ಲಿ ಉಳಿಯುತ್ತಿದ್ದುದು ಕುಚ್ಚಲಕ್ಕಿಯ ಗಂಜಿ. ಅಂತಹ ದಿನಗಳಲ್ಲಿ ಕೆಸುವಿನ ಎಲೆಯ ಮೇಲೆ ಹುಣಿಸೆ, ಮೆಣಸು ಬೆರಸಿ ಅರೆದ ಅಕ್ಕಿಯನ್ನು ತೆಳ್ಳಗೆ ಸವರಿ, ಎಲೆಯ ಮೇಲೆ ಎಲೆಯಿಟ್ಟು ಸುತ್ತಿ ಬೇಯಿಸುವ ಪತ್ರೊಡೆಯು ಸ್ವಲ್ಪ ಅಕ್ಕಿಯಿಂದ ಬಹುಮಂದಿಯ ಹಸಿವನ್ನು ತಣಿಸುವ ಉಪಾಯವೂ ಆಗಿತ್ತು. ಬರಿಯ ಅಕ್ಕಿ ಮತ್ತು ಉದ್ದಿನ ಮೂಡೆಯಾದರೋ ಹಬ್ಬದ ಸಂಪತ್ತು. ಗೇಣಿಯ ಆ ಲೆಕ್ಕವು 1974ರ ಭೂಸುಧಾರಣೆಯ ಕಾಯಿದೆಯೊಡನೆ ಮುಗಿಯಿತು.

ಅಕ್ಕಿಯನ್ನುಂಬ ಇತರ ದೇಶಗಳಲ್ಲಿಯೂ ಇಂತಹ ಜಾಣ್ಮೆ ಕಂಡುಬರುವುದು. ಚೀನದ ಕ್ಯಾಂಟನ್ ಸೀಮೆಯವರು ಅಕ್ಕಿಯ ನೀರುಹಿಟ್ಟನ್ನು ಬಟ್ಟೆಯ ಮೇಲೋ ತಟ್ಟೆಯ ಮೇಲೋ ತೆಳ್ಳಗೆ ಹರಡಿ ಹಬೆಯಲ್ಲಿ ಬೇಯಿಸಿ, ಆ ಪದರವನ್ನು ಎಬ್ಬಿಸಿ ಸುರುಳಿ ಸುತ್ತುವರು. ಕರುಳಿನ ಆಕಾರವನ್ನು ಹೋಲುವುದರಿಂದ ಅದಕ್ಕೆ ಕರುಳೆಂಬ ಅರ್ಥದ ಹೆಸರೇ ಬಂದಿದೆ. ವಲಸೆ ಹೋದ ಚೀನೀಯರೊಡನೆ ಅದು ಮಲೇಶಿಯದ ಬೀದಿಯಂಗಡಿಗಳನ್ನು ಸೇರಿ, ಅಲ್ಲಿ ಚೀ ಚಾಂಗ್ ಫನ್ ಎನಿಸಿಕೊಂಡಿತು. 1997ರಲ್ಲಿ ಮೆಲಕ ಮಣಿಪಾಲ ವೈದ್ಯಕೀಯ ಕಾಲೇಜು ಸ್ಥಾಪಿತವಾದ ಮೇಲೆ ಆ ದೇಶದ ಅನೇಕ ವಿದ್ಯಾರ್ಥಿಗಳು ಮಣಿಪಾಲಕ್ಕೆ ಬಂದರು. ಆ ಸುರುಳಿಗೂ ಪತ್ರೊಡೆಗೂ ರೂಪದಲ್ಲಿ ಸಾಮ್ಯವಿದ್ದರೂ ಒಂದು ಭೇದವುಂಟು: ಅಲ್ಲಿ ಬಟ್ಟೆಯು ಹಿಂದೆ ಉಳಿಯುವುದು, ಇಲ್ಲಿ ಎಲೆಯೂ ಆಹಾರವಾಗುವುದು.

ಬಟ್ಟೆಯನ್ನೂ ತಟ್ಟೆಯನ್ನೂ ಎಲ್ಲಿಗಾದರೂ ಒಯ್ಯಬಹುದು. ಇಡ್ಲಿಯ ದಿಗ್ವಿಜಯಕ್ಕೆ ಇದೇ ಕಾರಣವೆನ್ನಬೇಕು. ಉಡುಪಿ ಸೀಮೆಯವರು ಜೀವನೋಪಾಯಕ್ಕಾಗಿ ಪಟ್ಟಣಗಳಿಗೆ ತೆರಳಿದಾಗ ಇಡ್ಲಿಯ ಅಟ್ಟವು ಅವರೊಡನೆ ಹೋಯಿತು. ಕೋಟದ ಬಳಿಯ ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಉಪಾಹಾರಗೃಹವನ್ನು ತೆರೆದರು. ಅದೇ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಎಂದು ಪ್ರಸಿದ್ಧವಾಯಿತು. ಕೆ. ಕೃಷ್ಣರಾಯರು 1938ರಲ್ಲಿ ಮದರಾಸಿನಲ್ಲಿ ವುಡ್‌ಲ್ಯಾಂಡ್ಸನ್ನು ಸ್ಥಾಪಿಸಿದರು. ಎರಡನೆಯ ಮಹಾಯುದ್ಧದಲ್ಲಿ ಅಕ್ಕಿಯು ದುರ್ಲಭವಾದಾಗ ರವೆಯ ಇಡ್ಲಿಯನ್ನು ಕಲ್ಪಿಸಿದುದಾಗಿ ಮಾವಳ್ಳಿಯ ಸಂಸ್ಥೆಯವರು ಹೇಳಿಕೊಳ್ಳುವರು. ಅಕ್ಕಿಯನ್ನು ಬಿಟ್ಟೂ ಇಡ್ಲಿಯು ಬಾಳಿತು. ಕೇದಗೆಯನ್ನು ಬಿಟ್ಟು ಮೂಡೆಯು ಬಾಳಲಾರದು.

ಆದಕಾರಣ ಮೂಡೆಯ ಭವಿಷ್ಯವು ತೋಡಿನ ದಂಡೆಯಲ್ಲಿದೆ. ಅಷ್ಟಮಿಯ ಮುಂಚಿನ ದಿನಗಳಲ್ಲಿ ಉಡುಪಿಯ ಪೇಟೆಯಲ್ಲಿ ಕಟ್ಟಿದ ಮೂಡೆ, ಕೊಟ್ಟೆಗಳನ್ನು ಹರಡಿಕೊಂಡು ಮಾರುವವರನ್ನು ಈಗಲೂ ಕಾಣಬಹುದು. ಎಲೆ ಕೊಯ್ಯಲು ಸಮಯವಿಲ್ಲದ, ಕಟ್ಟಲು ಬಾರದ ಮನೆಗಳಿಗೆ ಅವರಿಂದಲೇ ಹಬ್ಬವು ನಡೆಯುವುದು. ಆದರೆ ನೀರಿನ ಬದಿಯ ಪೊದೆಯನ್ನು ಕಡಿದು ಕಲ್ಲುಕಟ್ಟಿದಲ್ಲಿ ಕೇದಗೆಯು ಮತ್ತೆ ಏಳದು; ಕಟ್ಟುವ ಹಿರಿಯ ಕೈಗಳಿಂದ ಕಿರಿಯರು ಕಲಿಯದಿದ್ದಲ್ಲಿ ಆ ವಿದ್ಯೆಯೂ ಉಳಿಯದು. ಹಿಟ್ಟನ್ನು ಲೋಟದಲ್ಲಿ ಹೊಯ್ದು ಬೇಯಿಸಿದರೆ ಮೂಡೆಯ ಆಕಾರವೇನೋ ಬಂದೀತು. ಬಿಡಿಸುವಾಗ ಮನೆಯನ್ನೆಲ್ಲ ತುಂಬುವ ಆ ಪರಿಮಳವು ಲೋಹದಿಂದ ಬಾರದು. ತೋಡಿನ ಬದಿಯಲ್ಲಿ ಒಂದು ಕೇದಗೆಯ ಪೊದೆಯನ್ನು ಉಳಿಸಿಕೊಂಡ ಮನೆಯು ಪೂರ್ವಿಕರ ಒಂದು ಗ್ರಂಥವನ್ನು ಉಳಿಸಿಕೊಂಡಂತೆಯೇ ಸರಿ.