ತೆಂಗಿನ ಸೀಮೆಗೆ ಬರುವ ಸೈಕ್ಲೋನ್

ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳಲ್ಲಿ ಮರ ಉರುಳಿಸುವ ಗಾಳಿ ಏಳುವುದು ಅಪರೂಪ. ಇಲ್ಲಿಗೆ ಬರುವುದು ಸೈಕ್ಲೋನ್ ಮಳೆ, ದಿನಗಟ್ಟಲೆ ಬಿಸಿಲು ಕಾಣಿಸದ ಜಡಿ. ಕುಯ್ದು ಹಾಕಿದ ರಾಗಿ ತೆನೆಯಲ್ಲೇ ಮೊಳೆಯುತ್ತದೆ. ಸುಲಿದಿಟ್ಟ ಉಂಡೆ ಕೊಬ್ಬರಿಗೆ ಬೂಷ್ಟು ಹಿಡಿಯುತ್ತದೆ. 2021ರ ನವೆಂಬರಿನಲ್ಲಿ ದಕ್ಷಿಣ ಒಳನಾಡಿನ ರಾಗಿ ಬೆಳೆಗಾರರನ್ನು ಅಳಿಸಿದ್ದು ಇಂಥದೇ ಮಳೆ. ಈ ಸೀಮೆಯಲ್ಲಿ ನಿಂತು ಚಂಡಮಾರುತ ಮುನ್ಸೂಚನೆಯ ಚರಿತ್ರೆಯನ್ನು ನೋಡಿದರೆ, ಅದು ಯಾರಿಗಾಗಿ ಬೆಳೆಯಿತು ಎಂಬುದೇ ಮುಖ್ಯವಾಗಿ ಕಾಣುತ್ತದೆ.

ಮೊದಲು ಬೆಳೆದದ್ದು ಹಡಗುಗಳಿಗಾಗಿ. 1864ರ ಚಂಡಮಾರುತ ಕಲ್ಕತ್ತ ಬಂದರನ್ನು ಹಾಳುಗೆಡವಿದ ಮರುವರ್ಷವೇ ಅಲ್ಲಿ ಬಿರುಗಾಳಿ ಎಚ್ಚರಿಕೆ ಶುರುವಾಯಿತು. ಹವಾಮಾನ ಇಲಾಖೆ ಹುಟ್ಟಿದ್ದು 1875ರಲ್ಲಿ. ದಡದ ಬಡವರ ಸರದಿ ಬರಲು ಮತ್ತೆ ಸುಮಾರು ನೂರು ವರ್ಷ ಹಿಡಿಯಿತು. 1970ರ ಭೋಲಾ ಚಂಡಮಾರುತದಲ್ಲಿ ಕಡಿಮೆಯೆಂದರೂ ಮೂರು ಲಕ್ಷ ಜನ ಸತ್ತ ನಂತರ, ಬಾಂಗ್ಲಾದೇಶ 1972ರಲ್ಲಿ ದಡದ ಹಳ್ಳಿಗಳಲ್ಲಿ ಸ್ವಯಂಸೇವಕರ ಪಡೆ ಕಟ್ಟತೊಡಗಿತು. 1999ರ ಚಂಡಮಾರುತದಲ್ಲಿ ಸುಮಾರು ಹತ್ತು ಸಾವಿರ ಜನರನ್ನು ಕಳೆದುಕೊಂಡ ಒಡಿಶಾ, 2013ರ ಫೈಲಿನ್ ಚಂಡಮಾರುತ ಅಪ್ಪಳಿಸುವ ಮೊದಲೇ ಲಕ್ಷಾಂತರ ಮಂದಿಯನ್ನು ಸಾಗಿಸಿ ಸಾವನ್ನು ಐವತ್ತರೊಳಗೆ ತಡೆಯಿತು. ಸ್ವತಂತ್ರ ಭಾರತದ ಆಡಳಿತ ಮಾಡಿದ ಅತ್ಯುತ್ತಮ ಕೆಲಸಗಳಲ್ಲಿ ಇದೊಂದು ಎಂದು ನಾನು ನಂಬಿದ್ದೇನೆ.

ಕರ್ನಾಟಕ ಈ ದಾರಿಗೆ ಬಂದದ್ದು ಬರದ ಕಡೆಯಿಂದ. 1988ರ ಬರ ಉಸ್ತುವಾರಿ ಕೋಶವೇ 2007ರಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಯಿತು. ಅದರ ಮಳೆಮಾಪಕಗಳು ಗ್ರಾಮ ಪಂಚಾಯಿತಿಯವರೆಗೂ ಬಂದಿವೆ.

ಆದರೆ ಮುನ್ಸೂಚನೆ ಎಷ್ಟೇ ಬೆಳೆದರೂ, ಜನರಂತೆ ಮರವನ್ನು ಆಶ್ರಯತಾಣಕ್ಕೆ ಸಾಗಿಸಲು ಬರುವುದಿಲ್ಲ. 2018ರ ನವೆಂಬರಿನಲ್ಲಿ ಗಜ ಚಂಡಮಾರುತ ಬಂದಾಗ ತಮಿಳುನಾಡು ಸಾವಿರಾರು ಜನರನ್ನು ಮುಂಚೆಯೇ ತೆರವು ಮಾಡಿತ್ತು. ತಂಜಾವೂರು, ಪುದುಕ್ಕೋಟೆ ಕಡೆಯ ತೆಂಗಿನ ತೋಟಗಳು ಮಾತ್ರ ಒಂದೇ ರಾತ್ರಿಯಲ್ಲಿ ಮಲಗಿದವು. ಹೊಸ ಸಸಿ ನೆಟ್ಟು ನಮ್ಮ ಎತ್ತರದ ತಳಿಯಲ್ಲಿ ಫಸಲು ಕಾಣಲು ಏಳೆಂಟು ವರ್ಷ ಬೇಕು. ತೆಂಗು ಅಭಿವೃದ್ಧಿ ಮಂಡಳಿಯ ಮರವಿಮೆ 2009-10ರಲ್ಲೇ ಆರಂಭವಾಗಿದೆ. ಚಂಡಮಾರುತ, ಬರ, ಸಿಡಿಲು ಎಲ್ಲವೂ ಅದರಲ್ಲಿ ಸೇರಿವೆ, ಕಂತಿನ ಕಾಲು ಭಾಗವನ್ನಷ್ಟೇ ರೈತ ಕಟ್ಟಬೇಕು. ಆದರೆ ದರ ಪರಿಷ್ಕರಿಸಿದ ಮೇಲೂ ಹದಿನಾರು ವರ್ಷ ದಾಟಿದ ಮರಕ್ಕೆ ಗೊತ್ತುಮಾಡಿದ್ದು 1,750 ರೂಪಾಯಿ. ಒಂದು ಮನೆಯನ್ನು ದಶಕಗಳ ಕಾಲ ಸಾಕುವ ಮರಕ್ಕೆ ಈ ಬೆಲೆ ಅನ್ಯಾಯದ್ದು.

ಗಾಳಿ ನಿಂತ ಮೇಲೂ ನಷ್ಟ ನಿಲ್ಲುವುದಿಲ್ಲ. ನಮ್ಮ ತೋಟಗಳನ್ನು ತಿನ್ನುತ್ತಿರುವ ಅಣಬೆ ರೋಗಕ್ಕೆ ತಂಜಾವೂರು ಸೊರಗು ರೋಗವೆಂಬ ಹೆಸರೂ ಇದೆ. 1952ರ ಚಂಡಮಾರುತದ ಬೆನ್ನಿಗೇ ಅದು ಆ ಜಿಲ್ಲೆಯಲ್ಲಿ ಉಲ್ಬಣಿಸಿತ್ತು. ನೀರಿಲ್ಲದೆ ಬಳಲಿದ ಮರವನ್ನು ಈ ರೋಗ ಬೇಗ ಹಿಡಿಯುತ್ತದೆ, ಈ ಮೂರು ತಾಲ್ಲೂಕುಗಳಿಗೆ ಬರವಂತೂ ಹೊಸದಲ್ಲ. ಬುಡದಲ್ಲಿ ಕಂದು ಅಂಟು ಸೋರುವಷ್ಟರಲ್ಲಿ ಬೇರು ಕೊಳೆಯಲು ಶುರುವಾಗಿರುತ್ತದೆ. ಆಗಲೇ ಸುತ್ತ ಕಂದಕ ತೋಡಿ, ಬೇವಿನ ಹಿಂಡಿಯೊಂದಿಗೆ ಟ್ರೈಕೋಡರ್ಮಾ ಕೊಟ್ಟರೆ ಪಕ್ಕದ ಮರಗಳನ್ನಾದರೂ ಕಾಪಾಡಬಹುದು. ವಿಕೋಪ ನಿರ್ವಹಣೆಯ ಹಣದಲ್ಲಿ ಈ ಬುಡದ ತಪಾಸಣೆಗೂ ಒಂದು ಪಾಲು ಇಡಬೇಕು, ಮಳೆಯ ಸೂಚನೆಯ ಜತೆಗೇ ರಾಗಿ ಮೆದೆ ಒಟ್ಟುವ ಮಾತು ಪಂಚಾಯಿತಿಯಿಂದ ರೈತನ ಮೊಬೈಲಿಗೆ ಹೋಗಬೇಕು.