ಹೆಪ್ಪಿನ ಋಣ

ನಾನು ಹುಡುಗನಾಗಿದ್ದಾಗ ಧಾರವಾಡದ ನಮ್ಮ ಓಣಿಯಲ್ಲಿ ಹೆಪ್ಪು ತರುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಸಣ್ಣ ಬಟ್ಟಲೊಂದನ್ನು ಹಿಡಿದು ನೆರೆಮನೆಯ ಬಾಗಿಲಲ್ಲಿ ನಿಂತು, “ಕಾಕೂ, ಅವ್ವ ಹೆಪ್ಪಿಗೆ ಸ್ವಲ್ಪ ಮಜ್ಜಿಗಿ ಕೇಳ್ಯಾಳ್ರಿ” ಎನ್ನುತ್ತಿದ್ದೆ. ಹೊತ್ತು ಮುಳುಗಿದ್ದರೆ ಬರಿಗೈಯಲ್ಲಿ ಮರಳಬೇಕು. “ದೀಪಾ ಹಚ್ಚಿದ ಮ್ಯಾಲೆ ಕೊಡಬಾರದಪಾ, ನಾಳೆ ಮುಂಜಾನೆ ಬಾ” ಎಂದು ಕಾಕು ಹೇಳುತ್ತಿದ್ದರು. ಓಣಿಯ ಮನೆಗಳಿಗೆಲ್ಲ ಹಾಲು ಒಬ್ಬನೇ ಗೌಳಿಯದು. ಆದರೂ ಒಬ್ಬರ ಮನೆಯ ಮೊಸರು ಕತ್ತರಿಸಿ ತೆಗೆಯುವಷ್ಟು ಗಟ್ಟಿ, ಇನ್ನೊಬ್ಬರದು ಲೋಳೆ. ಭೇದ ಹಾಲಿನದಲ್ಲ, ಹೆಪ್ಪಿನದು ಎಂಬುದು ಹೆಂಗಸರಿಗೆಲ್ಲ ತಿಳಿದ ಮಾತು.

ಇಷ್ಟು ಸಣ್ಣ ಸಂಗತಿಯ ಹಿಂದೆ ದೊಡ್ಡದೊಂದು ಇತಿಹಾಸವಿದೆ. ಅದನ್ನು ಹಾಲಿನಿಂದಲ್ಲ, ಅಕ್ಕಿಯಿಂದ ಆರಂಭಿಸುವುದು ಲೇಸು. ಈಚಲು ಮರದ ರಸ ಗಡಿಗೆಯಲ್ಲಿಯೇ ತಾನಾಗಿ ಹುಳಿತು ಹೆಂಡವಾಗುತ್ತದೆ. ದ್ರಾಕ್ಷಿಯ ರಸವೂ ಹಾಗೆಯೇ. ಅವುಗಳಲ್ಲಿ ಸಕ್ಕರೆ ಮೊದಲೇ ಇದೆ. ಅಕ್ಕಿಯಲ್ಲಿರುವುದು ಪಿಷ್ಟ. ಅದು ಮೊದಲು ಸಕ್ಕರೆಯಾಗಬೇಕು, ಬಳಿಕ ಸಕ್ಕರೆ ಮದ್ಯವಾಗಬೇಕು. ಯುರೋಪಿನವರು ಜವೆಗೋದಿಯನ್ನು ಮೊಳಕೆ ಬರಿಸಿ ಮೊದಲ ಕೆಲಸ ಸಾಧಿಸಿದರು. ಚೀನೀಯರು ಅದನ್ನು ಬೂಷ್ಟಿಗೆ ಒಪ್ಪಿಸಿದರು. ಧಾನ್ಯದ ಹಿಟ್ಟನ್ನು ಕಲಸಿ, ಬಿಲ್ಲೆ ತಟ್ಟಿ, ಬೆಚ್ಚನೆಯ ಕತ್ತಲೆಯಲ್ಲಿಟ್ಟು ಬೂಷ್ಟು ಬರಿಸಿ ಒಣಗಿಸಿದ ಹೆಪ್ಪಿಗೆ ಅವರು ‘ಚ್ಯೂ’ ಎನ್ನುತ್ತಾರೆ. ಅದರಲ್ಲಿ ಬೂಷ್ಟು, ಹುದುಗು, ಹುಳಿಬರಿಸುವ ಅಣುಜೀವಿ ಮೂರೂ ಒಟ್ಟಿಗೆ ಬಾಳುತ್ತವೆ. ಪಿಷ್ಟ ಸಕ್ಕರೆಯಾಗುವುದೂ, ಸಕ್ಕರೆ ಮದ್ಯವಾಗುವುದೂ ಒಂದೇ ಗಡಿಗೆಯಲ್ಲಿ ಏಕಕಾಲಕ್ಕೆ ನಡೆಯುತ್ತವೆ.

ಬಾದಾಮಿಯಲ್ಲಿ ಒಂದನೆಯ ಪುಲಕೇಶಿ ಕೋಟೆ ಕಟ್ಟಿಸಿದ್ದು 543ರಲ್ಲಿ. ಹೆಚ್ಚುಕಡಿಮೆ ಅದೇ ಕಾಲಕ್ಕೆ ಉತ್ತರ ಚೀನದಲ್ಲಿ ಚ್ಯಾ ಸಿಶ್ಯೆ ಎಂಬ ಅಧಿಕಾರಿ ‘ಚಿಮಿನ್ ಯಾವೊಶು’ ಎಂಬ ಕೃಷಿಗ್ರಂಥವನ್ನು ಬರೆಯುತ್ತಿದ್ದ. ಅದರಲ್ಲಿ ಹೆಪ್ಪಿನದೇ ವಿಸ್ತಾರವಾದ ಪ್ರಕರಣವಿದೆ. ಹಸಿಯ, ಹುರಿದ, ಹಬೆಯಲ್ಲಿ ಬೇಯಿಸಿದ ಗೋದಿಯನ್ನು ಸಮಪಾಲು ಬೆರೆಸುವುದು, ಹುಲ್ಲಿನ ಮಾಡಿನ ಕೋಣೆಯಲ್ಲಿಟ್ಟು ಬಾಗಿಲಿಗೆ ಕೆಸರು ಮೆತ್ತುವುದು ಎಲ್ಲವನ್ನೂ ಆತ ಹೇಳುತ್ತಾನೆ. ಬಳಿಕ ಒಂದು ಲೆಕ್ಕ ಕೊಡುತ್ತಾನೆ: ಒಂದಳತೆ ‘ದೈವೀ ಹೆಪ್ಪು’ ಮೂವತ್ತು ಅಳತೆ ಧಾನ್ಯವನ್ನು ‘ಕೊಲ್ಲುತ್ತದೆ’, ಒಂದಳತೆ ‘ಮಂದ ಹೆಪ್ಪು’ ಕೊಲ್ಲುವುದು ಆರೇ ಅಳತೆ. ಧಾನ್ಯ ಒಂದೇ, ನೀರು ಒಂದೇ. ಹೆಪ್ಪಿನ ಗುಣದಿಂದ ಐದು ಪಟ್ಟು ಅಂತರ!

ಬಲ ಮಾತ್ರವಲ್ಲ, ರುಚಿಯೂ ಹೆಪ್ಪಿನದೇ. ಶಾವೊಶಿಂಗ್ ಎಂಬ ಊರಿನ ಹೆಸರಾಂತ ಅಕ್ಕಿಮದ್ಯಕ್ಕೆ ಎರಡು ಬಗೆಯ ಹೆಪ್ಪು ಬೇಕು. ಒಂದು ಗೋದಿಯದು, ಇನ್ನೊಂದು ಅಕ್ಕಿಹಿಟ್ಟಿಗೆ ಖಾರವಾದ ಸೊಪ್ಪೊಂದನ್ನು ಬೆರೆಸಿ ಕಟ್ಟಿದ ಸಣ್ಣ ಉಂಡೆ. ಹೆಪ್ಪನ್ನು ಮುಂಚಿತವಾಗಿ ಮಾಡಿಟ್ಟು, ಮದ್ಯವನ್ನು ಚಳಿಗಾಲದಲ್ಲಿ ಕೂಡಿಸುತ್ತಾರೆ. ಅದರ ಹೊಂಬಣ್ಣಕ್ಕೂ ಪರಿಮಳಕ್ಕೂ ಗೋದಿಯ ಹೆಪ್ಪಿನ ನೆರವುಂಟು. 1892ರಲ್ಲಿ, ಮುಂದೆ ಬಿ.ಸಿ.ಜಿ. ಲಸಿಕೆಯಿಂದ ಹೆಸರಾದ ಕಾಲ್ಮೆಟ್ ಎಂಬ ಫ್ರೆಂಚ್ ವಿಜ್ಞಾನಿ ಸೈಗಾನಿನಲ್ಲಿ ಇಂಥ ಉಂಡೆಯೊಂದನ್ನು ಪರೀಕ್ಷಿಸಿ, ಪಿಷ್ಟವನ್ನು ಸಕ್ಕರೆಯಾಗಿಸುವ ಬೂಷ್ಟನ್ನು ಅದರಿಂದ ಬೇರ್ಪಡಿಸಿದ.

ನಮ್ಮಲ್ಲಿ ಇದು ಇರಲಿಲ್ಲವೇ? ಇತ್ತು. ಅದರ ಸಾಕ್ಷ್ಯ ದೊರೆತದ್ದು ಮೈಸೂರಿನಲ್ಲಿ. ಅಲ್ಲಿಯ ಪ್ರಾಚ್ಯ ಗ್ರಂಥಾಲಯಕ್ಕೆ ಬಂದ ಓಲೆಯ ಪ್ರತಿಯೊಂದರಲ್ಲಿ ಆರ್. ಶಾಮಾಶಾಸ್ತ್ರಿಗಳು 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದರು. ಅದರ ಸುರಾಧ್ಯಕ್ಷ ಪ್ರಕರಣದಲ್ಲಿ ಹೆಪ್ಪಿನ ಹೆಸರು ‘ಕಿಣ್ವ’. ಹಸಿಯ ಅಥವಾ ಬೇಯಿಸಿದ ಉದ್ದಿನ ಮುದ್ದೆ, ಅದಕ್ಕಿಂತ ಮೂರನೆಯ ಒಂದು ಪಾಲು ಹೆಚ್ಚು ಅಕ್ಕಿ, ಒಂದಿಷ್ಟು ಮೂಲಿಕೆಗಳು – ಇದು ಕಿಣ್ವ. ‘ಮೇದಕ’ವೆಂಬ ಅಕ್ಕಿಮದ್ಯಕ್ಕೆ ಒಂದು ದ್ರೋಣ ನೀರು, ಅರ್ಧ ಆಢಕ ಅಕ್ಕಿ, ಮೂರು ಪ್ರಸ್ಥ ಕಿಣ್ವ. ಅರ್ಧ ಆಢಕವೆಂದರೆ ಎರಡು ಪ್ರಸ್ಥ; ಅಂದರೆ ಅಕ್ಕಿಗಿಂತ ಹೆಪ್ಪೇ ಹೆಚ್ಚು. ಸುರೆ ಮತ್ತು ಕಿಣ್ವದ ಸಾಮಗ್ರಿಯನ್ನು ಆರಿಸುವ ಕೆಲಸ ಹೆಂಗಸರದು, ಮಕ್ಕಳದು ಎಂದೂ ಕೌಟಿಲ್ಯ ವಿಧಿಸುತ್ತಾನೆ. ಬಟ್ಟಲು ಹಿಡಿದು ತಿರುಗಿದ ನಾನು ಆ ಸಾಲಿನಲ್ಲಿ ನನ್ನನ್ನೇ ಕಂಡೆ.

ಉದ್ದು ಮತ್ತು ಅಕ್ಕಿ ಎಂದೊಡನೆ ಕನ್ನಡಿಗನಿಗೆ ನೆನಪಾಗುವುದು ಸುರೆಯಲ್ಲ, ಇಡ್ಲಿ. ಹತ್ತನೆಯ ಶತಮಾನದ ವಡ್ಡಾರಾಧನೆಯಲ್ಲಿ ‘ಇಡ್ಡಲಿಗೆ’ ಇದೆ. ಸುಮಾರು 1025ರ ಲೋಕೋಪಕಾರದಲ್ಲಿ ಚಾವುಂಡರಾಯ ಉದ್ದನ್ನು ಮಜ್ಜಿಗೆಯಲ್ಲಿ ನೆನೆಯಿಸಿ, ಅರೆದು, ಮೊಸರಿನ ತಿಳಿ ಬೆರೆಸುವ ಕ್ರಮವನ್ನು ಹೇಳುತ್ತಾನೆ. ಅಕ್ಕಿಯೂ ಇಲ್ಲ, ರಾತ್ರಿಯೆಲ್ಲ ಹುದುಗಿಸುವ ಮಾತೂ ಇಲ್ಲ. ಆದರೆ ಮನೆಯ ಮೊಸರು ಆಗಲೇ ಹಿಟ್ಟಿನೊಳಗೆ ಇಳಿದಿದೆ.

‘ಕಿಣ್ವ’ ಎಂಬ ಶಬ್ದ ಅಡಿಗೆಮನೆಯಲ್ಲಿ ಉಳಿಯಲಿಲ್ಲ. ವಿಜ್ಞಾನದ ಪಠ್ಯಪುಸ್ತಕದಲ್ಲಿ ಪುನರ್ಜನ್ಮ ಪಡೆಯಿತು. ‘ಎಂಜೈಮ್’ ಎಂಬುದಕ್ಕೆ ನಮ್ಮ ಮಕ್ಕಳು ಇಂದು ಓದುವ ಕನ್ನಡ ಪದ ಇದೇ. ಗ್ರೀಕಿನಲ್ಲಿ ಆ ಶಬ್ದಕ್ಕೆ ‘ಹುದುಗಿನೊಳಗಿರುವುದು’ ಎಂದೇ ಅರ್ಥವಾದ್ದರಿಂದ, ಆರಿಸಿದವರ ಆಯ್ಕೆ ಸೊಗಸಾಗಿದೆ. ಆದರೆ ಓಲೆ ಕಾಪಾಡಿದ್ದು ಅಳತೆಯನ್ನು, ಹೆಸರನ್ನು, ಹೆಪ್ಪನ್ನಲ್ಲ. ಆ ಮುದ್ದೆಯಲ್ಲಿ ಯಾವ ಮನೆಯ ಗಾಳಿ, ಯಾರ ಕೈ, ಯಾವ ಹಿಂದಿನ ಗಡಿಗೆಯ ಶೇಷ ಸೇರಿತ್ತೋ ಅದು ಬರವಣಿಗೆಗೆ ಸಿಕ್ಕುವುದಲ್ಲ. ಮಣಿಪುರದ ‘ಹಮೇಯ್’, ಟಿಬೇಟಿಯನ್ನರು ಛಾಂಗಿಗೆ ಬಳಸುವ ‘ಫಾಬ್’ ಇವು ಉಳಿದದ್ದು ಗ್ರಂಥದಿಂದಲ್ಲ, ಕೈಯಿಂದ ಕೈಗೆ ದಾಟಿದ್ದರಿಂದ.

ಕೆಲವು ವರ್ಷಗಳ ಹಿಂದೆ ನಮ್ಮ ಅವ್ವ ತೀರಿಕೊಂಡಳು. ಆ ದಿನಗಳ ಗದ್ದಲದಲ್ಲಿ ಮೊಸರಿನ ಗಡಿಗೆಯನ್ನು ಯಾರೂ ನೋಡಲಿಲ್ಲ. ನೋಡಿದಾಗ ಅದರ ಮೇಲೆ ನೀಲಿ ಬೂಷ್ಟು ಹಬ್ಬಿತ್ತು. ತೊಳೆದು ಬೋರಲು ಹಾಕಿದೆವು. ಅಂಗಡಿಯ ಮೊಸರು ಬಂತು. ಒಂದು ಮುಂಜಾನೆ ಕಾಕುವಿನ ಸೊಸೆ ಬಟ್ಟಲು ಹಿಡಿದು ಬಂದಳು. “ಇದು ನಿಮ್ಮ ಮನೀದ ಐತ್ರಿ. ನಾ ಲಗ್ನಾಗಿ ಬಂದಾಗ ನಮ್ಮ ಗಡಿಗ್ಯಾಗಿಂದು ಕೆಟ್ಟಿತ್ತು, ನಿಮ್ಮ ಅವ್ವನ ಕೊಟ್ಟಿದ್ರು” ಎಂದಳು.

ಅದು ಅದೇ ಹೆಪ್ಪೆಂದು ವಿಜ್ಞಾನಿ ಒಪ್ಪುವನೋ ಇಲ್ಲವೋ. ಮರುದಿನ ಮೊಸರು ಕತ್ತರಿಸಿ ತೆಗೆಯುವಂತೆ ಕೂತಿತ್ತು. ಈಗ ಯಾರಾದರೂ ಕೇಳಿದರೆ, ದೀಪ ಹಚ್ಚುವ ಮೊದಲು, ಇಲ್ಲವೆನ್ನದೆ ಕೊಡುತ್ತೇವೆ.

(ಬಾನುಲಿ ಭಾಷಣ)